ಏಳು ಕಿಲೋದಲ್ಲಿ ದಿಲ್ಲಿಯ ವಸಂತ

ಮಾರ್ಚ್ ಮೊದಲ ವಾರದಲ್ಲಿ ದಿಲ್ಲಿಗೆ ಹೋಗುವವರು ಒಂದೇ ದಿನಕ್ಕೆ ಎರಡು ಊರಿನ ಬಟ್ಟೆ ಹಾಕಿಕೊಳ್ಳಬೇಕಾಗುತ್ತದೆ. ಬೆಳಗ್ಗೆ ಆರೂವರೆಗೆ 12–13 ಡಿಗ್ರಿ, ಮಧ್ಯಾಹ್ನ ಎರಡಕ್ಕೆ 27ರ ಆಸುಪಾಸು, ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಮತ್ತೆ ಮೈ ಜುಮ್ಮೆನ್ನುವ ಗಾಳಿ. ಮುಂಬೈ, ಚೆನ್ನೈ ಓದುಗರಿಗೆ ಇದು ಊಹೆಗೆ ಸಿಗುವುದು ಸ್ವಲ್ಪ ಕಷ್ಟ. ಪಕ್ಕದಲ್ಲಿ ಸಮುದ್ರವಿದ್ದರೆ ಅದು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ಸ್ವಲ್ಪ ಸ್ವಲ್ಪವೇ ಹಂಚುತ್ತದೆ. ದಿಲ್ಲಿಗೆ ಸಮುದ್ರ ದೂರ. ಒಣ ಗಾಳಿ, ಮೋಡವಿಲ್ಲದ ಆಕಾಶ. ಸೂರ್ಯ ಮುಳುಗಿದ್ದೇ ತಡ ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಬಿಡುತ್ತದೆ. ಪುಣೆಯಲ್ಲಿರುವ ನಮಗೂ ಫೆಬ್ರವರಿಯಲ್ಲಿ ಇದರ ರುಚಿ ಗೊತ್ತು. ಆದರೆ ನಾವು ಮನೆಯಲ್ಲಿ ಇರುತ್ತೇವೆ, ಬೇಕೆಂದಾಗ ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆ ಎಸೆಯುತ್ತೇವೆ. ಪ್ರವಾಸದಲ್ಲಿ ಬಿಚ್ಚಿದ ಸ್ವೆಟರನ್ನು ಯಾರಾದರೂ ಹೊರಬೇಕು.

ಈ ಸಲ ಹೊರುವವಳು ನಾನೊಬ್ಬಳೇ. ಜೊತೆಗಿದ್ದದ್ದು ಅವ್ವ, ವಯಸ್ಸು 67, ಎರಡೂ ಮೊಣಕಾಲು ನೋವು. ಆರು ದಿನದ ಪ್ರವಾಸ, ಉಳಿಯುವ ಜಾಗ ಮೂರನೇ ಮಹಡಿ, ಲಿಫ್ಟ್ ಇಲ್ಲ. ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಚೆಕ್-ಇನ್‌ಗೆ 15 ಕಿಲೋ ಬಿಡುತ್ತಾರೆ ಎಂಬುದು ನನಗೂ ಗೊತ್ತು. ಆದರೆ ನನ್ನ ಲೆಕ್ಕ ವಿಮಾನದ್ದಲ್ಲ, ಮೆಟ್ಟಿಲಿನದು. ತಲಾ ಒಂದು ಕ್ಯಾಬಿನ್ ಬ್ಯಾಗ್, ತಲಾ 7 ಕಿಲೋ, ಎರಡು ಕೈಗೆ ಎರಡು. ಅದಕ್ಕಿಂತ ಹೆಚ್ಚು ಆದರೆ ಎರಡು ಸಲ ಹತ್ತಬೇಕು.

ಅವ್ವ ಧಾರವಾಡದ ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳಿದವಳು. ದಿಲ್ಲಿ ಸುಲ್ತಾನರ ಪಾಠವನ್ನು ಎಷ್ಟು ಬ್ಯಾಚಿಗೆ ಹೇಳಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ನಿವೃತ್ತಿಯಾದ ಮೇಲೆ ಒಂದು ಡಿಸೆಂಬರಿನಲ್ಲಿ ಓಣಿಯವರ ಜೊತೆ ಉತ್ತರ ಭಾರತದ ಟೂರಿಗೆ ಹೋಗಿ ಬಂದಳು. ಕುತುಬ್ ಮಿನಾರ್ ಹೇಗಿತ್ತು ಅಂತ ಕೇಳಿದರೆ, "ಬಸ್ಸಿನ ಕಿಡಕ್ಯಾಗಿಂದ ಕಾಣ್ತು" ಅಂದಳು. ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಮೇಲೆ ಒಂದು ತೆಳು ಶಾಲು. ಬೆರಳು ಮರಗಟ್ಟಿ ಇಳಿಯಲಿಕ್ಕೇ ಆಗಲಿಲ್ಲವಂತೆ. ಇದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ, ಹವಾಮಾನ ವರದಿಯ ಹಾಗೆ ಹೇಳಿದಳು. ಈ ಸಲ ಟಿಕೆಟ್ ಆದ ಮೇಲೂ ಅವಳ ಮೊದಲ ಮಾತು, "ನೀ ಅಡ್ಡಾಡಿ ಬಾ, ನಾ ರೂಮಿನ್ಯಾಗ ಕೂಡ್ತೀನಿ" ಎಂದೇ. ಹಾಗಾಗಿ ಬಟ್ಟೆ ಜೋಡಿಸುವ ಕೆಲಸವನ್ನು ನಾನು ಸ್ವಲ್ಪ ಗಂಭೀರವಾಗಿಯೇ ತೆಗೆದುಕೊಂಡೆ.

ಇಂಗ್ಲಿಷ್ ಪತ್ರಿಕೆಗಳಲ್ಲಿ 'ಕ್ಯಾಪ್ಸೂಲ್ ವಾರ್ಡ್‌ರೋಬ್' ಎಂಬ ಮಾತನ್ನು ನೀವು ಓದಿರುತ್ತೀರಿ. ಒಂದಕ್ಕೊಂದು ಹೊಂದುವ ಕೆಲವೇ ಬಟ್ಟೆ ಇಟ್ಟುಕೊಂಡು, ಅವನ್ನೇ ಅದಲು ಬದಲು ಮಾಡಿ ತೊಡುವುದು. 1970ರ ದಶಕದಲ್ಲಿ ಲಂಡನ್ನಿನ ಅಂಗಡಿಯೊಡತಿ ಸೂಸಿ ಫಾ ಈ ಮಾತನ್ನು ಜನಪ್ರಿಯ ಮಾಡಿದಳು. 1985ರಲ್ಲಿ ಅಮೆರಿಕದ ವಿನ್ಯಾಸಕಿ ಡೋನಾ ಕ್ಯಾರನ್ ಏಳು ಉಡುಪುಗಳ ಒಂದು ಸಂಗ್ರಹ ತಂದು ಇದನ್ನೇ ದೊಡ್ಡ ವ್ಯಾಪಾರವಾಗಿಸಿದಳು. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳೆಲ್ಲ ಅಲ್ಲಿಂದ ಬಂದ ಸಂತಾನ. ಬೀಜ್ ಬಣ್ಣದ ಟ್ರೆಂಚ್ ಕೋಟು, ಬಿಳಿ ಶರ್ಟು, ಕಪ್ಪು ಪ್ಯಾಂಟು. ಇದರಲ್ಲಿ ಸೀರೆ ಉಡುವ ಹೆಂಗಸಿಗೆ ಒಂದು ಸಾಲೂ ಇಲ್ಲ.

ಅವ್ವನ ಕಪಾಟು ತೆಗೆದು ನೋಡಿದರೆ ಆ ಲೆಕ್ಕ ಅಲ್ಲಿ ಆಗಲೇ ಮುಗಿದಿತ್ತು. ಅವಳದು ಬಹುಪಾಲು ಇಳಕಲ್ ಸೀರೆಗಳು. ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದೇ ಇರಲಿ, ಸಾಂಪ್ರದಾಯಿಕ ಸೆರಗು ಮಾತ್ರ ಕೆಂಪು, ಅದರ ಮೇಲೆ ಬಿಳಿಯ ಕೆಲಸ. ಒಡಲಿನ ಹತ್ತಿ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಬೇರೆ ಬೇರೆ ತಯಾರಿಸಿ ಕೊಂಡಿ ಹಾಕಿ ಕೂಡಿಸುವ ನೇಯ್ಗೆ ಅದು. ಅಂದರೆ ಕೆಂಪು ಗುಳೇದಗುಡ್ಡ ಖಣದ ಒಂದು ಕುಪ್ಪಸ ಇದ್ದರೆ ಅದು ಹಸಿರು, ನೀಲಿ, ಕಪ್ಪು ಯಾವ ಇಳಕಲ್ಲಿಗೂ ನಡೆಯುತ್ತದೆ. ನಾವು ಸ್ಪ್ರೆಡ್‌ಶೀಟ್ ಹಾಕಿ ಸಾಧಿಸುವುದನ್ನು ಬಾಗಲಕೋಟೆ ಜಿಲ್ಲೆಯ ನೇಕಾರರು ಮಗ್ಗದಲ್ಲೇ ಮಾಡಿಟ್ಟಿದ್ದಾರೆ. ಮೂರು ಸೀರೆ, ಮೂರು ಕುಪ್ಪಸ ಎಂದು ತೀರ್ಮಾನವಾಯಿತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಹತ್ತಿಯ ಇಳಕಲ್ ಒಂದಕ್ಕೆ 520 ಗ್ರಾಂ. ಮದುವೆಯ ರೇಷ್ಮೆ ಸೀರೆಯೊಂದನ್ನೂ ತರುತ್ತೇನೆಂದು ಅವ್ವ ಹಟ ಹಿಡಿದಳು. "ಯಾರರೆ ಊಟಕ್ಕ ಕರದ್ರ?" ಅದೂ ತಕ್ಕಡಿಗೆ ಏರಿತು: 870 ಗ್ರಾಂ. ಅಂಕಿ ನೋಡಿ ತಾನೇ ಒಳಗಿಟ್ಟಳು. ಮೇಷ್ಟರಿಗೆ ಅಂಕಿಯ ಮೇಲೆ ಗೌರವ ಜಾಸ್ತಿ.

ನನ್ನ ಬಟ್ಟೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮೂರು ಕೆಳಗಿನದು, ಐದು ಕುರ್ತಾ. ಮೂರೈದಲೆ ಹದಿನೈದು ಜೋಡಿ. ಕಚೇರಿಯಲ್ಲಿ ಟೆಸ್ಟಿಂಗ್ ಮಾಡುವವಳಾದ್ದರಿಂದ ಹದಿನೈದನ್ನೂ ಹಾಸಿಗೆಯ ಮೇಲೆ ಹರಡಿ ನೋಡಿದೆ. ಹದಿಮೂರು ಪಾಸು, ಎರಡು ಫೇಲು. ಎರಡೂ ಫೇಲಿನಲ್ಲಿ ಇದ್ದದ್ದು ಅದೇ ಒಂದು ಸಾಸಿವೆ ಬಣ್ಣದ ಕುರ್ತಾ. ಅದನ್ನು ತೆಗೆದರೆ ಉಳಿದದ್ದು ಹನ್ನೆರಡು ಜೋಡಿ, ಆರು ದಿನಕ್ಕೆ ಬೇಕಾದ್ದಕ್ಕಿಂತ ದುಪ್ಪಟ್ಟು. ಜೀನ್ಸ್ ಒಯ್ಯಲಿಲ್ಲ. ಜೀನ್ಸಿಗೆ ಪ್ರವಾಸದ ಬಟ್ಟೆ ಎಂಬ ಹೆಸರು ಹೇಗೆ ಬಂತೋ! ನನ್ನದು 640 ಗ್ರಾಂ ತೂಗುತ್ತದೆ, ಒಗೆದರೆ ಒಣಗಲು ಒಂದೂವರೆ ದಿನ ಬೇಕು. ಅದರ ಅರ್ಧ ತೂಕದ ಹತ್ತಿ ಪ್ಯಾಂಟು ರಾತ್ರಿ ಹಿಂಡಿ ಹಾಕಿದರೆ ದಿಲ್ಲಿಯ ಒಣ ಹವೆಯಲ್ಲಿ ಬೆಳಗ್ಗೆ ಸಿದ್ಧ. ಇದನ್ನು ಮುಂಬೈಯ ಜುಲೈನಲ್ಲಿ ಪ್ರಯತ್ನಿಸಬೇಡಿ.

ನಿಜವಾದ ತಲೆನೋವು ಇದ್ದದ್ದು ಬೆಚ್ಚಗಿನ ಬಟ್ಟೆಯಲ್ಲಿ. ಒಂದು ದಪ್ಪ ಜಾಕೆಟ್ ಒಯ್ದರೆ ಬೆಳಗ್ಗೆ ಒಂಬತ್ತರ ತನಕ ಸುಖ, ಆಮೇಲೆ ಇಡೀ ದಿನ ಕಂಕುಳಲ್ಲಿ ಹೊರೆ. ತೆಳುವಾದ ಮೂರು ಪದರ ಇದ್ದರೆ ಒಂದೊಂದನ್ನೇ ಬಿಚ್ಚುತ್ತ ಹೋಗಬಹುದು. ಪದರಗಳ ನಡುವೆ ಸಿಕ್ಕಿಬೀಳುವ ಗಾಳಿಯೇ ಬೆಚ್ಚಗಿಡುವುದರಿಂದ ಮೂರು ತೆಳು ಬಟ್ಟೆ ಒಂದು ದಪ್ಪ ಬಟ್ಟೆಗೆ ಸೋಲುವುದಿಲ್ಲ. ಮೈಗೆ ತಾಗುವ ಪದರ ಯಾವುದೆಂಬುದೂ ಮುಖ್ಯ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ ಅರ್ಧದಷ್ಟೂ ಇಲ್ಲ. ಮಧ್ಯಾಹ್ನ ಬೆವರಿದ ಹತ್ತಿ ಬನಿಯನ್ನು ಸಂಜೆಯ ಗಾಳಿಗೆ ಒದ್ದೆ ಪಟ್ಟಿಯಂತೆ ಬೆನ್ನಿಗೆ ಅಂಟುತ್ತದೆ. ಉಣ್ಣೆ ಮಾತ್ರ ಸಾಕಷ್ಟು ತೇವ ಹೀರಿಯೂ ಬೆಚ್ಚಗೇ ಇರುತ್ತದೆ. ಕಂಬಳಿ ಹೊದ್ದು ಮಳೆಯಲ್ಲಿ ಕುರಿ ಕಾಯುವವರನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ.

ಸೀರೆಗೆ ಬಂದರೆ ಪದರದ ಲೆಕ್ಕ ಬೇರೆಯೇ. ಕಾಲಿಗೆ ಐದೂವರೆ ಮೀಟರು ಬಟ್ಟೆ ಸುತ್ತಿರುತ್ತದೆ. ಥಂಡಿ ನುಗ್ಗುವುದು ಸೊಂಟ, ತೋಳು, ಪಾದಗಳಿಂದ. ದಿಲ್ಲಿಯ ಹೆಂಗಸರು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ: ಕುಪ್ಪಸದ ಬದಲು ಮೈಗಂಟುವ ತುಂಬು ತೋಳಿನ ಉಣ್ಣೆ ಬ್ಲೌಸು, ಸೊಂಟ ಮುಚ್ಚುವಷ್ಟು ಉದ್ದದ್ದು. ಅಂಥದ್ದೊಂದು ಕಪ್ಪು ಬಣ್ಣದ್ದನ್ನು ಪುಣೆಯಲ್ಲೇ ಹುಡುಕಿ ತಂದೆ. ಕಪ್ಪಾದ್ದರಿಂದ ಮೂರೂ ಸೀರೆಗೆ ಸೈ. ಲಂಗದ ಒಳಗೆ ಒಂದು ತೆಳು ಥರ್ಮಲ್ ಲೆಗ್ಗಿಂಗ್. ಮೇಲೆ ಮುಂದೆ ಗುಂಡಿಯಿರುವ ಸ್ವೆಟರು. ಗುಂಡಿಯದ್ದೇ ಆಗಬೇಕು. ತಲೆಯ ಮೇಲಿಂದ ಎಳೆದುಕೊಳ್ಳುವುದಾದರೆ ತುರುಬು, ಕನ್ನಡಕ, ಸೆರಗಿನ ಪಿನ್ನು ಮೂರೂ ಅಡ್ಡ ಬರುತ್ತವೆ, ಮತ್ತು ರಸ್ತೆಯಲ್ಲಿ ನಿಂತು ಅದನ್ನು ಬಿಚ್ಚಲು ಯಾವ ಅವ್ವನೂ ಒಪ್ಪುವುದಿಲ್ಲ. ಬಿಚ್ಚಲು ಸಂಕೋಚವಾದರೆ ಬೆವರುತ್ತ ಕೂರುತ್ತಾಳೆ, ಮರುದಿನ ಕೆಮ್ಮು.

ಪಾದದ ವಿಷಯಕ್ಕೆ ಮಾತ್ರ ಮನೆಯಲ್ಲಿ ಎರಡು ದಿನ ಶೀತಲ ಸಮರ ನಡೆಯಿತು. "ಸೀರಿ ಮ್ಯಾಲೆ ಬೂಟು? ಮಂದಿ ಏನಂದಾರು?" ಹೆಬ್ಬೆರಳು ಬೇರೆಯಿರುವ ಸಾಕ್ಸು ಹಾಕಿ ಚಪ್ಪಲಿ ಮೆಟ್ಟಿದರೆ ಚಳಿ ತಡೆಯುತ್ತದೆ ನಿಜ, ಆದರೆ ದಿಲ್ಲಿಯ ಸ್ಮಾರಕಗಳಲ್ಲಿ ನಡೆಯುವ ದೂರ ಕಡಿಮೆಯಲ್ಲ, ಹುಮಾಯೂನ್ ಗೋರಿಯ ಮೆಟ್ಟಿಲುಗಳು ಕಡಿದಾಗಿವೆ, ಮೊಣಕಾಲಿಗೆ ಹಿಮ್ಮಡಿಯ ಆಧಾರ ಬೇಕೇ ಬೇಕು. ಕೊನೆಗೆ ನಾನೇನೂ ವಾದಿಸಲಿಲ್ಲ. ನಮ್ಮ ಸೊಸೈಟಿಯ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ಮರಾಠಿ ಅಜ್ಜಿಯರ ಗುಂಪಿಗೆ ಅವ್ವನನ್ನು ಸೇರಿಸಿದೆ. ಅವರಲ್ಲಿ ನಾಲ್ವರು ಸೀರೆ-ಬೂಟಿನವರು. ಮೂರನೇ ದಿನ ಅವ್ವನೇ ಅಂಗಡಿಗೆ ಹೊರಟಳು. ಸಾಕ್ಸಿನ ಮೇಲೆ ಹಾಕಿ ನೋಡಿ, ಅರ್ಧ ಸೈಜು ದೊಡ್ಡದು ಕೊಂಡು, ಹದಿನೈದು ದಿನ ಪಾರ್ಕಿನಲ್ಲೇ ಪಳಗಿಸಿದಳು. ಬೂಟು ಹಾಕಿದರೆ ಸೀರೆಯನ್ನು ಪಾದದ ಗಂಟಿಗಿಂತ ಎರಡು ಬೆರಳು ಮೇಲೆ ಉಡಬೇಕು, ಇಲ್ಲವೆಂದರೆ ಅಂಚು ಬೂಟಿನ ತುದಿಗೆ ಸಿಕ್ಕುತ್ತದೆ. "ಹೊಲದಾಗಿನ ಉಡಗಿ ಅಲ್ಲೇನಿದು" ಎಂದು ನಕ್ಕಳು.

ಬ್ಯಾಗು ಮುಚ್ಚುವ ಮುಂಚೆ ಒಂದು ದೊಡ್ಡ ಹತ್ತಿ ದುಪಟ್ಟಾ ಹಾಕಿಕೊಂಡೆ. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ದುಡಿದದ್ದು ಅದೇ. ಬಂಗ್ಲಾ ಸಾಹಿಬ್ ಗುರುದ್ವಾರದಲ್ಲಿ ತಲೆ ಮುಚ್ಚಲಿಕ್ಕೆ, ನಿಜಾಮುದ್ದೀನ್ ದರ್ಗಾದಲ್ಲೂ ಅದಕ್ಕೇ, ಮೆಟ್ರೋದ ಎಸಿಗೆ ಹೊದೆಯಲಿಕ್ಕೆ, ಲೋದಿ ಗಾರ್ಡನ್ನಿನ ಹುಲ್ಲಿನ ಮೇಲೆ ಹಾಸಲಿಕ್ಕೆ. ಗುರುದ್ವಾರದಲ್ಲಿ ಬಾಗಿಲ ಬಳಿ ಹರಿಯುವ ನೀರಲ್ಲಿ ಕಾಲು ತೊಳೆದೇ ಒಳಹೋಗಬೇಕು. ಸಾಕ್ಸನ್ನು ಬೂಟಿನ ಜೊತೆಯೇ ಬಿಟ್ಟು ಹೋಗಿ, ಮತ್ತು ವಯಸ್ಸಾದವರಿದ್ದರೆ ಬೆಳಗಿನ ಬದಲು ಮಧ್ಯಾಹ್ನ ಹೋಗಿ. ಅಮೃತಶಿಲೆಯ ನೆಲ ಅಷ್ಟು ಹೊತ್ತಿಗೆ ಬೆಚ್ಚಗಾಗಿರುತ್ತದೆ. ಅಕ್ಷರಧಾಮಕ್ಕೆ ಫೋನು, ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಬಿಚ್ಚಿದ ಸ್ವೆಟರ್ ಹಿಡಿದುಕೊಂಡೇ ತಿರುಗಬೇಕಾಗುತ್ತದೆ, ಅಲ್ಲಿಗೆ ಹೋಗುವ ದಿನ ಒಂದು ಪದರ ಕಡಿಮೆ ಹಾಕಿ.

ಕುತುಬ್‌ಗೆ ಎರಡನೇ ದಿನ ಬೆಳಗ್ಗೆ ಎಂಟಕ್ಕೆ ಹೋದೆವು. ಅವ್ವ ಉಣ್ಣೆ ಬ್ಲೌಸು, ಸ್ವೆಟರು, ನೀಲಿ ಇಳಕಲ್ಲು, ಬೂಟು. ಮಿನಾರಿನ ಬುಡದಲ್ಲಿ ನಿಂತು ತಲೆಯೆತ್ತಿದವಳು ಬಹಳ ಹೊತ್ತು ಇಳಿಸಲಿಲ್ಲ. 72.5 ಮೀಟರು ಎತ್ತರ, 379 ಮೆಟ್ಟಿಲು ಎಂದು ನನಗೂ ಬಾಯಿಪಾಠವಿತ್ತು, ಅವಳೇ ಮಾಡಿಸಿದ್ದು. ಆದರೆ ಮೊದಲ ಅಂತಸ್ತಿನ ಏಣುಗಳು ಒಂದು ದುಂಡು ಒಂದು ಚೂಪು, ಎರಡನೆಯದರಲ್ಲಿ ಬರೀ ದುಂಡು, ಮೂರನೆಯದರಲ್ಲಿ ಬರೀ ಚೂಪು ಎಂಬುದನ್ನು ಅವಳು ಬೆರಳು ಮಾಡಿ ತೋರಿಸುವ ತನಕ ನಾನು ಗಮನಿಸಿರಲಿಲ್ಲ. ಸಿಡಿಲು ಬಡಿದು ಹಾಳಾದ ಮೇಲ್ಭಾಗವನ್ನು ಫಿರೋಜ್ ಷಾ ತುಘಲಕ್ ಮತ್ತೆ ಕಟ್ಟಿಸಿದ್ದು, ಅಲ್ಲಿ ಅಮೃತಶಿಲೆ ಬಂದದ್ದು, ಎಲ್ಲ ಹೇಳಿದಳು. ಪಕ್ಕದಲ್ಲಿ ಶಾಲಾ ಪ್ರವಾಸದ ಮಕ್ಕಳಿದ್ದರು. ಕನ್ನಡ ಬಾರದಿದ್ದರೂ ಇಬ್ಬರು ಬೆರಳು ಹೋದ ಕಡೆ ನೋಡುತ್ತಿದ್ದರು. ಹತ್ತೂವರೆಗೆ ಸ್ವೆಟರ್ ನನ್ನ ಚೀಲಕ್ಕೆ ಬಂತು, ಹನ್ನೆರಡಕ್ಕೆ ಕಬ್ಬಿಣದ ಸ್ತಂಭದ ಹತ್ತಿರ ಒಂದು ಮರೆ ಹುಡುಕಿ ಸಾಕ್ಸನ್ನೂ ಬದಲಿಸಿದಳು. ಒಂದೂವರೆಗೆ ನಾನೇ, "ಅವ್ವ, ಊಟಕ್ಕೆ ಹೋಗೋಣ" ಎಂದು ಎಬ್ಬಿಸಬೇಕಾಯಿತು.

ಒಂದು ಸಂಜೆ ತುಂತುರು ಬಂತು. ಚಳಿಗಾಲದ ಕೊನೆಗೂ ವಸಂತಕ್ಕೂ ಪಶ್ಚಿಮದಿಂದ ಬರುವ ಈ ಹವಾಮಾನದ ಅಲೆಗಳು ಮೂಲತಃ ಮೆಡಿಟರೇನಿಯನ್ ಕಡೆಯವು. ಒಂದೆರಡು ದಿನ ಮೋಡ, ಸಣ್ಣ ಮಳೆ, ಹಗಲಿನ ಬಿಸಿ ಥಟ್ಟನೆ ಇಳಿಕೆ. ಕೊಡೆ ಒಯ್ಯುವಷ್ಟಲ್ಲ, ಮಡಚಿದರೆ ಮುಷ್ಟಿಯಷ್ಟಾಗುವ ತೆಳು ಮಳೆ ಜಾಕೆಟ್ ಸಾಕು. ಗಾಳಿಯನ್ನೂ ಅದೇ ತಡೆಯುತ್ತದೆ.

ಹೋಳಿಯ ಹಿಂದಿನ ವಾರ ಹೋಗುವವರಿಗೆ ಇನ್ನೊಂದು ಮಾತು. ದಿಲ್ಲಿಯ ಗಲ್ಲಿಗಳಲ್ಲಿ ಹಬ್ಬಕ್ಕೆ ಮೊದಲೇ ಮಹಡಿಯ ಮೇಲಿಂದ ನೀರು ತುಂಬಿದ ಬಲೂನು ಬೀಳಲು ಶುರುವಾಗುತ್ತದೆ. ಆ ದಿನಗಳಲ್ಲಿ ಚಾಂದನಿ ಚೌಕದಂಥ ಕಡೆ ಒಳ್ಳೆಯ ಸೀರೆ ಬೇಡ. ಹುಬ್ಬಳ್ಳಿಯ ರಂಗಪಂಚಮಿ ನೋಡಿದ ಅವ್ವ ಇದನ್ನು ತಾನೇ ಊಹಿಸಿ, ನನ್ನ ಹಳೆಯ ಒಂದು ಸಲ್ವಾರ್ ಕಮೀಜನ್ನು ತನ್ನ ಬ್ಯಾಗಿಗೆ ಸೇರಿಸಿಕೊಂಡಿದ್ದಳು, ನನಗೆ ಹೇಳದೆ. ಮದುವೆಯಾದಾಗಿನಿಂದ ಅವಳು ಸಲ್ವಾರ್ ಹಾಕಿದ್ದನ್ನು ನಾನು ಕಂಡಿಲ್ಲ. ಚಾಂದನಿ ಚೌಕದಲ್ಲಿ ಅದನ್ನೇ ಹಾಕಿಕೊಂಡು, ಸೈಕಲ್ ರಿಕ್ಷಾದಲ್ಲಿ ಕೂತು, ಜಿಲೇಬಿ ತಿಂದಳು. ಬಲೂನು ಒಂದೂ ಬೀಳಲಿಲ್ಲ.

ಹೋಗುವಾಗ ಅವಳ ಬ್ಯಾಗು ಔಷಧಿ ಡಬ್ಬಿ, ಚಟ್ನಿಪುಡಿ ಸೇರಿ 5.8 ಕಿಲೋ ಇತ್ತು, ನನ್ನದು 6.4. ಬರುವಾಗ ಅವಳದ್ದು 7.3 ಆಗಿ, ಸ್ವೆಟರನ್ನೂ ಉಣ್ಣೆ ಬ್ಲೌಸನ್ನೂ ಮೈಮೇಲೆ ಹಾಕಿಕೊಂಡು ವಿಮಾನ ಹತ್ತಿದಳು. ಹೆಚ್ಚಾದದ್ದು ಕುತುಬ್‌ನ ಒಂದು ಚಿತ್ರಪುಸ್ತಕ, ಮತ್ತು ಪಾರ್ಕಿನ ಅಜ್ಜಿಯರಿಗೆಂದು ಕೊಂಡ ನಾಲ್ಕು ಜೊತೆ ಉಣ್ಣೆ ಸಾಕ್ಸು.