ದಮ್‌ದಮ್‌ನಿಂದ ಹಾರಿದ ಬೆಂಗಳೂರಿನ ನ್ಯಾಟ್

ದಕ್ಷಿಣೇಶ್ವರದ ನಮ್ಮ ಮನೆಯ ತಾರಸಿಗೆ ದಮ್‌ದಮ್ ವಿಮಾನಗಳ ಸದ್ದು ಕೇಳಿಸುತ್ತದೆ. 1971ರ ನವೆಂಬರ್ 22ರಂದು ಅಲ್ಲಿಂದಲೇ ಹಾರಿದ ನಾಲ್ಕು ನ್ಯಾಟ್‌ಗಳು ಬೊಯ್ರಾ ಬಳಿ ಪಾಕಿಸ್ತಾನದ ಸೇಬರ್‌ಗಳನ್ನು ಎದುರಿಸಿ, ಎರಡನ್ನು ಉರುಳಿಸಿ, ನಾಲ್ಕೂ ಕ್ಷೇಮವಾಗಿ ಮರಳಿದವು.

ವಿನ್ಯಾಸ ಬ್ರಿಟನ್ನಿನ ಫಾಲೆಂಡ್ ಕಂಪನಿಯದು. ಪರವಾನಗಿ ಪಡೆದು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ಹೈಡ್ರಾಲಿಕ್ಸ್ ಕೈಕೊಡುತ್ತಿತ್ತು, ಗನ್ ಜಾಮ್ ಆಗುತ್ತಿತ್ತು. ಇಂಥ ದೋಷಗಳನ್ನು ತಿದ್ದಲು ಹೊರಟೇ ಎಚ್‌ಎಎಲ್ ಮುಂದೆ ‘ಅಜೀತ್’ ರೂಪಿಸಿತು.

ದಿನವೂ ಬಗ್ ತಿದ್ದುವ ನನಗೆ ಗೊತ್ತು: ತಿದ್ದಿದವರ ಹೆಸರು ಉಳಿಯುವುದಿಲ್ಲ. ಪೈಲಟ್‌ಗಳಿಗೆ ವೀರಚಕ್ರ ಬಂತು, ಸರಿಯೇ. ಆದರೆ ಆ ರೆಕ್ಕೆಗಳಿಗೆ ರಿವೆಟ್ ಹೊಡೆದವರಲ್ಲಿ ಇಂದು ಉಳಿದಿರುವವರು ಇಳಿವಯಸ್ಸಿನಲ್ಲಿದ್ದಾರೆ. ಅವರ ಅನುಭವವನ್ನು ಕನ್ನಡದಲ್ಲಿ ದಾಖಲಿಸಲು ಇನ್ನು ತಡಮಾಡಬಾರದು.