ಕಾರ್ಬುರೇಟರ್ ಒಮ್ಮೆ ಬಿಚ್ಚಿ ನೋಡಿ

ಮನೆಯಲ್ಲಿ ಹಳೇ ಯೆಜ್ಡಿ ಇದ್ರೆ ಗುಜರಿಗೆ ಹಾಕೋ ಮೊದಲು ಅದರ ಕಾರ್ಬುರೇಟರ್ ಬಿಚ್ಚಿ ನೋಡಿ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. 2020ರಲ್ಲಿ ಬಿಎಸ್6 ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಫ್ಯೂಯಲ್ ಇಂಜೆಕ್ಷನ್ನೇ. ಅಲ್ಲಿ ಲೆಕ್ಕವೆಲ್ಲ ಸೆನ್ಸರ್‌ನದ್ದು, ನಮಗೆ ಕಾಣೋದು ಮೀಟರ್‌ನಲ್ಲಿ ಒಂದು ದೀಪ. ಕಾರ್ಬುರೇಟರ್ ಹಾಗಲ್ಲ. ಇಕ್ಕಟ್ಟಾದ ಜಾಗದಲ್ಲಿ ಗಾಳಿಯ ವೇಗ ಏರುತ್ತೆ, ಒತ್ತಡ ಇಳಿಯುತ್ತೆ, ಜೆಟ್‌ನಿಂದ ಪೆಟ್ರೋಲ್ ಮೇಲೇಳುತ್ತೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ಬರ್ನೌಲಿ ಇದೇ.

ನಮ್ಮ ಹಳಿಯಾಳದ ಸುತ್ತ ಬೆಳೆಯೋ ಕಬ್ಬಿನಂಥ ಬೆಳೆಯಿಂದಲೇ ಎಥೆನಾಲ್ ಬರುತ್ತೆ. ಈಗ ಪೆಟ್ರೋಲ್‌ನಲ್ಲಿ ಅದು ಶೇ. 20ರವರೆಗೆ ಇರುತ್ತೆ. ಎಥೆನಾಲ್ ತೇವ ಹೀರುತ್ತೆ, ಹಳೇ ರಬ್ಬರ್ ಕೆಡಿಸಬಹುದು. ಮಳೆಗಾಲವಿಡೀ ನಿಂತ ಗಾಡಿಯ ಜೆಟ್‌ನಲ್ಲಿ ಅಂಟು ಕಟ್ಟುತ್ತೆ. ಅದಕ್ಕೆ ಇಡೀ ಕಾರ್ಬುರೇಟರ್ ಬದಲಿಸಬೇಕಿಲ್ಲ. ಬಿಚ್ಚುವಾಗ ಫೋಟೋ ತೆಗೀರಿ, ಏರ್ ಸ್ಕ್ರೂ ಎಷ್ಟು ಸುತ್ತು ಇತ್ತು ಅಂತ ಬರೆದಿಡಿ. ಜೆಟ್‌ಗೆ ತಂತಿ ಮಾತ್ರ ತೂರಿಸಬೇಡಿ, ತೂತು ದೊಡ್ಡದಾದ್ರೆ ಅಳತೆಯೇ ಕೆಟ್ಟಂತೆ. ಕ್ಲೀನರ್ ಹಾಕಿ, ಗಾಳಿ ಹೊಡೆದು, ಹೊಸ ಗ್ಯಾಸ್ಕೆಟ್ ಕೂರಿಸಿ.

ಇದನ್ನು ಬಲ್ಲ ಹಿರಿಯ ಮಿಸ್ತ್ರಿಗಳು ಇನ್ನೂ ಇದ್ದಾರೆ. ಅವರ ಹತ್ರ ಕೂತು ಕಲಿತರೆ ಇಂಟರ್ನಲ್ ಮಾರ್ಕ್ಸ್ ಸಿಗಲ್ಲ, ನಿಜ. ಆದ್ರೆ ಒಂದು ಯಂತ್ರವನ್ನೂ ಕೈಯಾರೆ ಬಿಚ್ಚಿ ಜೋಡಿಸದೆ ಎಂಜಿನಿಯರ್ ಅನ್ನಿಸಿಕೊಳ್ಳೋದು ನನಗಂತೂ ಸರಿ ಕಾಣಲ್ಲ.