ಕರೆಂಟು ಮುಗಿದ ಮೇಲೆ ಬಿಗಿಯುವ ಬಾಯಿ: ಮನೆಬಾಗಿಲ ಫಿಜಿಯೋಥೆರಪಿ ಯಾರಿಗೆ?

ಗೂಡಲೂರು: ಬಾಯಿ, ಗಂಟಲು ಕ್ಯಾನ್ಸರ್‌ಗೆ ಕೊಡುವ ವಿಕಿರಣ ಚಿಕಿತ್ಸೆಗೆ ನಮ್ಮ ಜನ 'ಕರೆಂಟು' ಎನ್ನುತ್ತಾರೆ. ಸಾಮಾನ್ಯವಾಗಿ ಆರೇಳು ವಾರದ ಚಿಕಿತ್ಸೆ ಅದು. ಗೂಡಲೂರು, ಮಸಿನಗುಡಿ ಕಡೆಯವರು ಕೊಯಮತ್ತೂರು, ಮೈಸೂರು ಅಥವಾ ಕಲ್ಲಿಕೋಟೆಗೆ ಹೋಗಿ ಅದನ್ನು ಮುಗಿಸಿಕೊಂಡು ಬರುತ್ತಾರೆ. ಗಡ್ಡೆ ಕರಗಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಇನ್ನೊಂದು ತೊಂದರೆ ಸದ್ದಿಲ್ಲದೆ ಶುರುವಾಗುತ್ತದೆ. ದವಡೆ ಬಿಗಿಯುತ್ತದೆ.

ಕಾರಣ ಸರಳ. ಕಿರಣಗಳು ಅಗಿಯುವ ಸ್ನಾಯುಗಳ ಮೇಲೂ ಬೀಳುತ್ತವೆ. ಅವು ನಿಧಾನವಾಗಿ ನಾರುಗಟ್ಟಿ, ಹಿಗ್ಗುವ ಗುಣ ಕಳೆದುಕೊಳ್ಳುತ್ತವೆ. ಹೆಚ್ಚಿನವರಲ್ಲಿ ಇದು ಚಿಕಿತ್ಸೆಯ ನಂತರದ ಒಂದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ದೊಡ್ಡವರ ಬಾಯಿ ಸುಮಾರು 40-50 ಮಿ.ಮೀ. ತೆರೆಯಬೇಕು, 35 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಾದರೆ ವೈದ್ಯರು ಅದನ್ನು ಟ್ರಿಸ್ಮಸ್ ಎನ್ನುತ್ತಾರೆ. ಸ್ಕೇಲು ಬೇಡ, ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡೇ ಹಿಡಿಸಿದರೆ ತಡಮಾಡಬೇಡಿ.

ಬಾಯಿ ತೆರೆಯದಿದ್ದರೆ ಮುದ್ದೆಯೂ ಇಳಿಯದು, ಗಂಜಿಯೇ ಗತಿ. ಹಲ್ಲುಜ್ಜಲು ಆಗದೆ ಹುಳುಕು ಹಿಡಿಯುತ್ತದೆ. ಕಿರಣ ಬಿದ್ದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಮೂಳೆಯೇ ಕೊಳೆಯುವ ಅಪಾಯವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆ ಮರಳಿದೆಯೇ ಎಂದು ವೈದ್ಯರು ಒಳಗೆ ನೋಡುವುದೇ ಕಷ್ಟವಾಗುತ್ತದೆ. ಎಲೆಅಡಿಕೆ, ಹೊಗೆಸೊಪ್ಪು ಹಾಕಿಕೊಂಡವರ ಬಾಯಿ ಮೊದಲೇ ಬಿಗಿದಿದ್ದರಂತೂ ಕೇಳುವುದೇ ಬೇಡ.

ಮದ್ದು ವ್ಯಾಯಾಮ. ದಿನಕ್ಕೆ ಹಲವು ಬಾರಿ ಬಾಯಿ ಅಗಲಿಸಿ ಕೆಲವು ಕ್ಷಣ ಹಿಡಿಯುವುದು, ದವಡೆಯನ್ನು ಎಡಬಲಕ್ಕೆ ಆಡಿಸುವುದು. ಥೆರಾಬೈಟ್‌ನಂಥ ವಿದೇಶಿ ಸಾಧನವಿದೆ, ಬಡವರಿಗೆ ದುಬಾರಿ. ಐಸ್‌ಕ್ರೀಂ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿಗಳನ್ನು ಹಲ್ಲುಗಳ ನಡುವೆ ಅಡುಕಿಟ್ಟು, ದಿನಗಳೆದಂತೆ ಒಂದೊಂದೇ ಸೇರಿಸುವ ವಿಧಾನವೂ ಬಳಕೆಯಲ್ಲಿದೆ. ಎಷ್ಟು ಕಡ್ಡಿ, ಯಾವ ಹಲ್ಲಿನ ಮೇಲೆ ಎಂಬುದನ್ನು ಫಿಜಿಯೋಥೆರಪಿಸ್ಟ್ ಹೇಳಬೇಕು. ಚಿಕಿತ್ಸೆ ನಡೆಯುವಾಗಲೇ ಶುರುಮಾಡಿದರೆ ಒಳ್ಳೆಯದು. ಬಿಗಿದು ಗಟ್ಟಿಯಾದ ಮೇಲೆ ಬಿಡಿಸುವುದು ಬಲು ಕಷ್ಟ.

ಆದರೆ ಕಾಲು ಗಂಟೆಯ ವ್ಯಾಯಾಮ ಕಲಿಯಲು ಪದೇ ಪದೇ ಮೈಸೂರಿಗೆ ಹೋಗುವವರು ಯಾರು? ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಮಸಿನಗುಡಿಯವರಿಗೆ ಊಟಿಯೆಂದರೆ ಕಲ್ಲಟ್ಟಿ ಘಾಟಿಯ 36 ತಿರುವು.

ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಇಲ್ಲಿ ನೆರವಿಗೆ ಬರಬಹುದು. (ಹೆಸರು ಕೇಳಿ ಎಳೆಮಕ್ಕಳಿಗೆಂದು ತಿಳಿಯಬೇಡಿ, ತಮಿಳಿನಲ್ಲಿ ಮಕ್ಕಳ್ ಎಂದರೆ ಜನ.) ಬಿಪಿ, ಸಕ್ಕರೆ ಕಾಯಿಲೆ ಮಾತ್ರೆಯ ಜೊತೆಗೆ ಮನೆಯಲ್ಲೇ ಫಿಜಿಯೋಥೆರಪಿಯೂ ಅದರಲ್ಲಿ ಸೇರಿದೆ. ಫಿಜಿಯೋಥೆರಪಿ ಎಂದರೆ ಕೈಕಾಲು, ಸೊಂಟ ಎಂದೇ ಜನ ತಿಳಿದಿದ್ದಾರೆ. ದವಡೆಗೂ ಉಂಟೆಂದು ಕೇಳುವವರು ಕಡಿಮೆ. ಹೊರರಾಜ್ಯದ ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ರೋಗಿ ಕನ್ನಡ ಅಥವಾ ಬಡಗ ಮಾತಿನವರು. ಡಿಸ್ಚಾರ್ಜ್ ಚೀಟಿಯಲ್ಲಿ ಬಾಯಿ ಎಷ್ಟು ಮಿ.ಮೀ. ತೆರೆಯುತ್ತದೆಂದು ಬರೆಸಿಕೊಂಡು ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ, ಅಂಕಿಗೆ ಯಾವ ಭಾಷೆಯ ಹಂಗೂ ಇಲ್ಲ.

ಒಂದು ಎಚ್ಚರಿಕೆ: ಚೆನ್ನಾಗಿದ್ದ ಬಾಯಿ ದಿಢೀರನೆ ಬಿಗಿದರೆ, ನೋವು ಏರಿದರೆ, ಮೂಳೆ ಕಾಣಿಸಿದರೆ ವ್ಯಾಯಾಮ ನಿಲ್ಲಿಸಿ. ಹಳೆಯ ಚೀಟಿಗಳೊಂದಿಗೆ ಕರೆಂಟು ಕೊಟ್ಟ ಆಸ್ಪತ್ರೆಗೇ ಹೋಗಿ ತೋರಿಸಿ.